ಮಾಸ್ಟೊಡಾನ್‌ಗೆ ಹೋಗುವವರ ಗಮನಕ್ಕೆ: ಒಂದು ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ಓದುಗರ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಮತ್ತು ಅದರಂಥದ್ದೇ ಸಾಮಾಜಿಕ ಜಾಲತಾಣವಾದ ಮಾಸ್ಟೊಡಾನ್ ಬಗ್ಗೆ ಈಚೆಗೆ ಒಂದು ಸಂದೇಶ ಹರಿದಾಡುತ್ತಿದೆ: "ಎಕ್ಸ್ ಬಿಟ್ಟು ಮಾಸ್ಟೊಡಾನ್‌ಗೆ ಬನ್ನಿ, ನಿಮ್ಮ ಹಳೆಯ ಬರಹ, ಹಿಂಬಾಲಕರು ಎಲ್ಲವೂ ತಾವಾಗಿಯೇ ಜೊತೆಗೆ ಬರುತ್ತವೆ, ಅಲ್ಲಿ ಯಾರ ಹಿಡಿತವೂ ಇಲ್ಲ." ಅದರ ಹಿಂದಿನ ಆಶಯವನ್ನು ನಾನು ಮನಸಾರೆ ಒಪ್ಪುತ್ತೇನೆ, ಆದರೆ ಈ ಎರಡೂ ಮಾತುಗಳು ನಿಜವಲ್ಲ, ಮತ್ತು ಇವನ್ನು ನಂಬಿ ಹಳೆಯ ಖಾತೆಯನ್ನು ಅಳಿಸಿದವರು ವರ್ಷಗಳ ಬರವಣಿಗೆಯನ್ನೇ ಕಳೆದುಕೊಳ್ಳಬಹುದು.

ಎಕ್ಸ್‌ನಿಂದ ಅಲ್ಲಿಗೆ ಯಾವುದೂ ತಾನಾಗಿ ಹೋಗುವುದಿಲ್ಲ. ಮಾಸ್ಟೊಡಾನ್ ಹಲವು ಸರ್ವರ್‌ಗಳ (ಖಾತೆ, ಬರಹಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್‌ಗಳ) ಜಾಲ; ಅದರ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಹಿಂಬಾಲಕರನ್ನು ಕರೆದೊಯ್ಯಬಹುದಾದರೂ, ಆಗಲೂ ಹಳೆಯ ಬರಹಗಳು ಮೊದಲಿನ ಸರ್ವರ್‌ನಲ್ಲೇ ಉಳಿಯುತ್ತವೆ. ಆದ್ದರಿಂದ ಖಾತೆ ಅಳಿಸುವ ಮೊದಲು ಎಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಬರಹಗಳ ಪ್ರತಿಯನ್ನು ದಯವಿಟ್ಟು ಕೇಳಿ ಪಡೆದುಕೊಳ್ಳಿ.

ಇನ್ನು ಹಿಡಿತದ ಮಾತು. 2016ರಲ್ಲಿ ಜರ್ಮನಿಯ ಯುಜೆನ್ ರೋಚ್ಕೊ ಹೊರತಂದ ಮಾಸ್ಟೊಡಾನ್ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದು. 2018ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಅಂಗೀಕರಿಸಿದ ಆಕ್ಟಿವಿಟಿಪಬ್ ನಿಯಮಾವಳಿಯ ಮೂಲಕ, ಜಿಮೇಲ್‌ನವರ ಪತ್ರ ಯಾಹೂದವರಿಗೆ ತಲುಪುವ ಹಾಗೆ, ಈ ಸರ್ವರ್‌ಗಳು ಪರಸ್ಪರ ಬೆಸೆದುಕೊಂಡಿವೆ. ಇಲ್ಲಿ ಒಬ್ಬನೇ ಮಾಲೀಕನಿಲ್ಲ ಎಂಬುದು ನಿಜ, ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಬಲವೂ ಅದೇ. ಆದರೂ ಪ್ರತಿ ಸರ್ವರ್‌ಗೆ ಅದರದೇ ನಿಯಮಗಳೂ ನಿರ್ವಾಹಕರೂ ಇದ್ದಾರೆ. ಅವರು ಬರಹವನ್ನು ತೆಗೆಯಬಹುದು, ಬೇರೊಂದು ಸರ್ವರ್‌ನ ಸಂಪರ್ಕವನ್ನೇ ಕಡಿಯಬಹುದು. ಖಾಸಗಿ ಸಂದೇಶಗಳಿಗೆ ವಾಟ್ಸ್‌ಆ್ಯಪ್‌ನಲ್ಲಿರುವಂಥ ಗೂಢಲಿಪಿಯ ರಕ್ಷಣೆ ಇಲ್ಲದಿರುವುದರಿಂದ, ನಿರ್ವಾಹಕರು ಅವನ್ನು ಓದಲೂ ಸಾಧ್ಯವಿದೆ.