‘ಇದು ಸಾಲವಲ್ಲ’ ಎಂದು ಮಾವ ಬರೆದುಕೊಟ್ಟ ಪತ್ರ

ನಮ್ಮ ಮದುವೆಯಾಗಿ ಒಂದೂವರೆ ವರ್ಷವಾಯಿತು. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ, ನನ್ನ ಯಜಮಾನರು ಬೆಂಗಳೂರಿನಲ್ಲಿದ್ದಾರೆ. ನಾನು ಬ್ರಿಟಿಷ್ ಪೌರತ್ವ ಪಡೆದವಳು. ಹಾಗಿದ್ದ ಮೇಲೆ ಗಂಡನನ್ನು ಕರೆಸಿಕೊಳ್ಳಲು ಇಷ್ಟು ತಡವೇಕೆ ಎಂದು ಊರಿನಲ್ಲಿ ಕೇಳುವವರಿಗೆ ಫೋನಿನಲ್ಲಿ ಉತ್ತರಿಸಿ ಮುಗಿಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ದೇಶದ ಪೌರರು ಅಥವಾ ಇಲ್ಲಿ ಖಾಯಂ ನೆಲೆಸಿದವರು ಸಂಗಾತಿಯನ್ನು ಕರೆಸಿಕೊಳ್ಳಬೇಕಾದರೆ ಇಂತಿಷ್ಟು ವರಮಾನವಿದೆ ಎಂದು ತೋರಿಸಲೇಬೇಕು. 2012ರ ಜುಲೈಯಲ್ಲಿ ಈ ಮಿತಿಯನ್ನು ವರ್ಷಕ್ಕೆ 18,600 ಪೌಂಡ್ ಎಂದು ನಿಗದಿ ಮಾಡಿದರು. 2024ರ ಏಪ್ರಿಲ್ 11ರಿಂದ ಅದು 29,000 ಪೌಂಡ್ ಆಯಿತು. ಹಂತಹಂತವಾಗಿ 38,700ಕ್ಕೆ ಏರಿಸುವ ಯೋಜನೆಯೂ ಇತ್ತು, ಹೊಸ ಸರ್ಕಾರ ಬಂದ ಮೇಲೆ ಅದನ್ನು ತಡೆಹಿಡಿಯಲಾಯಿತು.

ವೃದ್ಧಾಶ್ರಮವೊಂದರಲ್ಲಿ ವಾರಕ್ಕೆ 39 ಗಂಟೆ ದುಡಿಯುವ ನನ್ನ ಸಂಬಳ ವರ್ಷಕ್ಕೆ 25,000 ಪೌಂಡ್. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಯಜಮಾನರ ಸಂಬಳವನ್ನು ಸೇರಿಸಿದರೆ ನಮ್ಮಿಬ್ಬರ ದುಡಿಮೆ ಆ ಮಿತಿಯನ್ನು ಎಂದೋ ದಾಟುತ್ತದೆ. ಆದರೆ ಹೊರದೇಶದಲ್ಲಿದ್ದು ಅರ್ಜಿ ಹಾಕುವವರ ಸಂಬಳ ಈ ಲೆಕ್ಕಕ್ಕೆ ಬರುವುದೇ ಇಲ್ಲ. ತೀರ್ಥಹಳ್ಳಿಯ ಕಡೆ ಇರುವ ಅವರ ಮನೆಯ ಅಡಿಕೆ ತೋಟವಾಗಲಿ, ನನಗೆ ತವರಿನಲ್ಲಿ ಹಾಕಿದ ಒಡವೆಯಾಗಲಿ ಇದ್ದ ಹಾಗೆಯೇ ಲೆಕ್ಕಕ್ಕಿಲ್ಲ. ಕೊರತೆಯಾಗಿರುವ 4,000 ಪೌಂಡ್‌ಗಳನ್ನು ಉಳಿತಾಯದಿಂದ ತುಂಬಿಕೊಳ್ಳಬಹುದು, ಅದಕ್ಕೂ ಒಂದು ಸೂತ್ರವಿದೆ. ಉಳಿತಾಯದ ಮೊದಲ 16,000 ಪೌಂಡ್‌ಗಳನ್ನು ಎಣಿಸುವುದಿಲ್ಲ, ಅದರ ಮೇಲೆ ಕೊರತೆಯ ಎರಡೂವರೆ ಪಟ್ಟು ಹಣವಿರಬೇಕು. ಅಂದರೆ ನಾಲ್ಕು ಸಾವಿರದ ಕೊರತೆಗೆ ನಾವು ತೋರಿಸಬೇಕಾದದ್ದು 26,000 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ಸಂಬಳವೇ ಇಲ್ಲದೆ ಉಳಿತಾಯವೊಂದನ್ನೇ ತೋರಿಸುವವರಿಗೆ ಈ ಮೊತ್ತ 88,500 ಪೌಂಡ್ ಆಗುತ್ತದೆ. ಆ ಹಣ ಆರು ತಿಂಗಳು ನಮ್ಮ ಖಾತೆಯಲ್ಲಿಯೇ ಇರಬೇಕು, ಒಂದು ದಿನಕ್ಕೂ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಅಡಿಕೆಯ ಹಣ ಸಂಬಳದಂತೆ ತಿಂಗಳಿಗೊಮ್ಮೆ ಬರುವುದಲ್ಲ. ಒಳ್ಳೆಯ ಧಾರಣೆ ಬರಲೆಂದು ಮಾವ ಎರಡು ವರ್ಷದ ಫಸಲನ್ನು ಮಾರದೆ ಇಟ್ಟುಕೊಂಡಿದ್ದರು. ಈ ವರ್ಷ ಏಪ್ರಿಲ್‌ನಲ್ಲಿ, ಧಾರಣೆ ನೋಡದೆ ಅದನ್ನು ಮಾರಿ, ಯಜಮಾನರ ಉಳಿತಾಯಕ್ಕೆ ಕಡಿಮೆ ಬಿದ್ದಷ್ಟನ್ನು ಅವರ ಖಾತೆಗೆ ಹಾಕಿದರು. ಬೇರೆಯವರು ಉಡುಗೊರೆಯಾಗಿ ಕೊಟ್ಟ ಹಣಕ್ಕೆ ಇಲ್ಲಿ ಅಡ್ಡಿಯಿಲ್ಲ, ಆದರೆ ಅದು ಸಾಲವಾಗಿರಬಾರದು. ಆದ್ದರಿಂದ ಹಣ ಎಲ್ಲಿಂದ ಬಂತು, ಅದು ಸಾಲವಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೊಡಿ ಎಂದು ನಾನೇ ಮಾವನವರನ್ನು ಕೇಳಬೇಕಾಯಿತು. ‘ಮಗನಿಗೆ ಕೊಟ್ಟಿದ್ದನ್ನು ಸಾಲ ಅಲ್ಲ ಅಂತ ಬರೆದು ಕೊಡಬೇಕೇನಮ್ಮಾ?’ ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ನೋವಿತ್ತು. ಮಾರನೆಯ ದಿನ ಎರಡು ಪುಟ ಬರೆದು ಕಳಿಸಿದರು. ಎಷ್ಟು ಕ್ವಿಂಟಾಲ್, ಯಾವ ಮಂಡಿ, ಯಾವ ದಿನ ಎಂಬ ವಿವರಗಳ ಕೊನೆಯಲ್ಲಿ ‘ಇದು ಸಾಲವಲ್ಲ, ಮಗ ಸೊಸೆ ಒಂದೇ ಕಡೆ ಇರಲೆಂದು ಕೊಟ್ಟದ್ದು’ ಎಂಬ ಸಾಲಿತ್ತು. ಕನ್ನಡದಲ್ಲಿದ್ದ ಆ ಪತ್ರವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಇಟ್ಟಿದ್ದೇನೆ.

ಬಂದವರು ಸರ್ಕಾರಕ್ಕೆ ಹೊರೆಯಾಗಬಾರದು ಎಂಬ ಉದ್ದೇಶವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಈ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸರ್ಕಾರಿ ಭತ್ಯೆಗಳನ್ನು ಪಡೆಯುವ ಹಕ್ಕೇ ಇರುವುದಿಲ್ಲ. 2025ರ ಏಪ್ರಿಲ್‌ನ ದರದಂತೆ ಅರ್ಜಿಗೆ 1,938 ಪೌಂಡ್, ಆರೋಗ್ಯ ಸೇವೆಗೆಂದು ಮುಂಗಡವಾಗಿ 3,105 ಪೌಂಡ್ ಕಟ್ಟಿಯೇ ಅವರು ಬರಬೇಕಿತ್ತು. 2025ರ ಏಪ್ರಿಲ್‌ನಿಂದ ಒಂದು ವರ್ಷ ಇಲ್ಲಿಯ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ವಾರಕ್ಕೆ 37.5 ಗಂಟೆಯಂತೆ ವರ್ಷವಿಡೀ ದುಡಿದರೂ ಅದು 23,800ರ ಆಸುಪಾಸಿಗೆ ನಿಲ್ಲುತ್ತಿತ್ತು. ಕಾನೂನೇ ಸಾಕೆಂದು ಒಪ್ಪಿದ ಕೂಲಿಯಲ್ಲಿ ಪೂರ್ಣಾವಧಿ ದುಡಿಯುವವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲಾರರು ಎಂದರೆ ಆ ಮಿತಿ ತಪ್ಪು ಜಾಗದಲ್ಲಿದೆ ಎಂದೇ ನನ್ನ ಅಭಿಪ್ರಾಯ. ಸರ್ಕಾರವೇ ಕೇಳಿಕೊಂಡಂತೆ ವಲಸೆ ಸಲಹಾ ಸಮಿತಿ 2025ರ ಜೂನ್‌ನಲ್ಲಿ ಕೊಟ್ಟ ವರದಿಯಲ್ಲಿ, ಕುಟುಂಬವೊಂದು ತನ್ನ ಕಾಲ ಮೇಲೆ ನಿಲ್ಲಲು 23,000ದಿಂದ 25,000 ಪೌಂಡ್‌ಗಳ ಮಿತಿ ಸಾಕಾಗಬಹುದು ಎಂಬ ಆಯ್ಕೆಯೂ ಇದೆ. ಮೊದಲಿನಿಂದಲೂ ಅಷ್ಟೇ ಮಿತಿ ಇದ್ದಿದ್ದರೆ ಮಾವ ಅಡಿಕೆ ಮಾರಬೇಕಿರಲಿಲ್ಲ. ಲಂಡನ್ನಿನ ಸಂಬಳ ಬೇರೆ, ಲೆಸ್ಟರ್‌ನ ಸಂಬಳ ಬೇರೆ. ಮಕ್ಕಳ ಕಾರಣಕ್ಕೆ ಅರೆಕಾಲಿಕ ಕೆಲಸ ಮಾಡುವ ಹೆಂಗಸರ ಪಾಡಂತೂ ನನ್ನದಕ್ಕಿಂತ ಕಷ್ಟದ್ದು.

ಇದೇ ದಾರಿಯಲ್ಲಿರುವವರಿಗೆ ನನ್ನ ಅನುಭವದಿಂದ ಎರಡು ಮಾತು ಹೇಳಬಲ್ಲೆ. ಆರು ತಿಂಗಳ ಪೇಸ್ಲಿಪ್‌ಗಳಲ್ಲಿರುವ ಮೊತ್ತ ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣಿಸಬೇಕು, ಆದ್ದರಿಂದ ಅವೆರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ತಿಂಗಳನ್ನೂ ತಾಳೆ ನೋಡಿ. ಆನ್‌ಲೈನಿನಿಂದ ತೆಗೆದ ಸ್ಟೇಟ್‌ಮೆಂಟಾದರೆ ಪ್ರತಿ ಪುಟಕ್ಕೂ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ, ಇಲ್ಲವೇ ಅವು ತಮ್ಮವೇ ಎಂದು ಬ್ಯಾಂಕಿನಿಂದ ಪತ್ರ ಪಡೆಯಿರಿ. ನನಗೆ ಒಂದು ಶಾಖೆಯಲ್ಲಿ ಸೀಲು ಹಾಕಲು ಒಪ್ಪದೆ ಮೂರು ಸಲ ಓಡಾಡಿಸಿದರು.

ಅಕ್ಟೋಬರ್‌ನಲ್ಲಿ ನಮ್ಮ ಆರು ತಿಂಗಳು ಮುಗಿಯುತ್ತದೆ. ಅಲ್ಲಿಯವರೆಗೆ ಆ ಖಾತೆಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಮಳೆಗಾಲದಲ್ಲಿ ಊರಿನ ಮನೆಯ ಮಾಡು ಸೋರುತ್ತಿದೆ ಎಂದು ಅತ್ತೆ ಹೇಳಿದರು, ರಿಪೇರಿಯನ್ನು ಅಕ್ಟೋಬರ್‌ನ ನಂತರಕ್ಕೆ ಇಟ್ಟುಕೊಂಡಿದ್ದಾರೆ.