ಹಲ್ಲು ಕಿತ್ತ ಜಾಗದ ತೂತು: ಜೋರಾಗಿ ಮುಕ್ಕಳಿಸಿದರೆ ಮುಚ್ಚಲ್ಲ

ಕೋಲಾರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಹಲ್ಲು ಕೀಳಿಸಿದ ಮೇಲೆ ಕುಡಿದ ನೀರು ಮೂಗಲ್ಲಿ ಬಂದರೆ ಜೋರಾಗಿ ಉಪ್ಪುನೀರು ಮುಕ್ಕಳಿಸಿ. ಆಪರೇಷನ್ ಮಾಡಿಸಿದರೆ ಕಣ್ಣು ಹೋಗುತ್ತದೆ.' ಎರಡೂ ತಪ್ಪು.

ಮೇಲಿನ ದವಡೆ ಹಲ್ಲಿನ ಬೇರಿಗೂ ಕೆನ್ನೆಯೊಳಗೆ ಮೂಗಿಗೆ ತೆರೆದುಕೊಳ್ಳುವ ಗಾಳಿಗೂಡಾದ ಸೈನಸ್‌ಗೂ ನಡುವೆ ಕೆಲವರಲ್ಲಿ ಕಾಗದದಷ್ಟು ತೆಳು ಮೂಳೆ ಇರುತ್ತದೆ. ಅದು ಒಡೆದರೆ ರಾಗಿ ಅಂಬಲಿಯೂ ಮೂಗಿನಲ್ಲಿ ಇಳಿಯುತ್ತದೆ. ತೂತು 2 ಮಿಲಿಮೀಟರ್‌ಗಿಂತ ಸಣ್ಣದಾದರೆ ರಕ್ತ ಹೆಪ್ಪುಗಟ್ಟಿ ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. ಜೋರಾಗಿ ಮುಕ್ಕಳಿಸಿದರೆ ಆ ಹೆಪ್ಪೇ ಕಿತ್ತುಹೋಗುತ್ತದೆ, ಅಲ್ವಾ? ದೊಡ್ಡದಾದರೆ ಅಥವಾ ವಾರಗಟ್ಟಲೆ ಹಾಗೇ ಉಳಿದರೆ, ಸೈನಸ್ ಸೋಂಕಿದ್ದರೆ ಮೊದಲು ಅದನ್ನು ವಾಸಿ ಮಾಡಿ, ಕೆನ್ನೆ ಕಡೆಯ ವಸಡನ್ನು ಎಳೆದು ತೂತಿನ ಮೇಲೆ ಹೊಲಿಯುತ್ತಾರೆ. ಬಾಯೊಳಗಿನ ಕೆಲಸ, ಕಣ್ಣಿನ ತಂಟೆಗೇ ಹೋಗಲ್ಲ. ಆಮೇಲೆ ಎರಡು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಎಳನೀರಿಗೂ ಸ್ಟ್ರಾ ಬೇಡ.