ಯಾವ ರಾತ್ರಿಯ ಅಲಿ, ಯಾವ ರಾತ್ರಿಯ ಟೈಸನ್?

ಬಾಕ್ಸಿಂಗ್‌ನ ಹೆವಿವೇಟ್ (ಅತಿ ಹೆಚ್ಚು ತೂಕದ ವರ್ಗದ) ಚಾಂಪಿಯನ್‌ಗಳಾದ ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ತಮ್ಮ ತಮ್ಮ ಉತ್ತುಂಗದಲ್ಲಿ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ನನ್ನ ತಮ್ಮ ಟೈಸನ್ ಪಕ್ಷ, ನಾನು ಅಲಿ ಪಕ್ಷ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಎಲೆ ಎತ್ತುವ ಮೊದಲೇ ಈ ಜಗಳ ಶುರುವಾಗುತ್ತದೆ. ಈ ಸಲದ ಯುಗಾದಿಗೂ ಆಯಿತು. "ಅಣ್ಣಾ, ತೊಂಬತ್ತೊಂದೇ ಸೆಕೆಂಡು! ಅಷ್ಟರಲ್ಲಿ ಮೈಕೆಲ್ ಸ್ಪಿಂಕ್ಸ್‌ನನ್ನು ಮಲಗಿಸಿದವನ ಮುಂದೆ ನಿನ್ನ ಅಲಿ ಎಷ್ಟು ಹೊತ್ತು ಕುಣಿದಾನು?" ಎಂದು ಕೇಳಿದ. ಅಲ್ಲಿ ನನಗೆ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಎರಡು ವಾರ ರಾತ್ರಿ ಕೂತು ಹಳೆಯ ಪಂದ್ಯಗಳನ್ನೆಲ್ಲ ಮತ್ತೆ ನೋಡಿ ಇದನ್ನು ಬರೆಯುತ್ತಿದ್ದೇನೆ.

ದಾಖಲೆ ಎಣಿಸಿ ಫಲಿತಾಂಶ ಹೇಳುವವರನ್ನು ನಾನು ನಂಬುವುದಿಲ್ಲ. ಕಾರಣ ಅಲಿಯ ಬದುಕಿನಲ್ಲೇ ಇದೆ. 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರಲ್ಲಿ ಕೆನ್ ನಾರ್ಟನ್ ಸೋಲಿಸಿದ್ದಲ್ಲದೆ ದವಡೆಯನ್ನೂ ಮುರಿದ. ಜಾರ್ಜ್ ಫೋರ್‌ಮನ್ ಈ ಇಬ್ಬರನ್ನೂ ಎರಡೆರಡೇ ಸುತ್ತಿನಲ್ಲಿ ಮುಗಿಸಿದ. ಕೂಡಿ ಕಳೆದು ನೋಡಿದರೆ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಫೋರ್‌ಮನ್ ಎದುರು ಅಲಿ ಉಳಿಯಲೇಬಾರದಿತ್ತು. ಎಂಟನೆಯ ಸುತ್ತಿನಲ್ಲಿ ನೆಲಕ್ಕೆ ಬಿದ್ದವನು ಫೋರ್‌ಮನ್. ಬಾಗಿ ಬಾಗಿ ಮುನ್ನುಗ್ಗುವ ಫ್ರೇಜಿಯರ್‌ನ ತಲೆ ಫೋರ್‌ಮನ್‌ನ ಅಪ್ಪರ್‌ಕಟ್‌ಗೆ (ಕೆಳಗಿನಿಂದ ಮೇಲಕ್ಕೆ ಎತ್ತುವ ಹೊಡೆತಕ್ಕೆ) ಹೇಳಿ ಮಾಡಿಸಿದಂತೆ ಸಿಗುತ್ತಿತ್ತು. ಅಲಿ ಹಾಗೆ ನುಗ್ಗಲಿಲ್ಲ. ಹಗ್ಗಕ್ಕೆ ಒರಗಿ, ತೋಳಿನ ಮೇಲೆ ಹೊಡೆಸಿಕೊಳ್ಳುತ್ತಾ, ಹೊಡೆಯುವವನ ಕೈಯೇ ಸೋಲುವವರೆಗೆ ಕಾದ. ಒಂದೇ ಕಾಲದ ನಾಲ್ವರ ವಿಷಯದಲ್ಲೇ ಗಣಿತ ಹೀಗೆ ಕೈಕೊಟ್ಟರೆ, ಎರಡು ಕಾಲದವರನ್ನು ಅಂಕಿಗಳಿಂದ ತೂಗುವುದು ಹೇಗೆ?

ಆದ್ದರಿಂದ ನಾನು ಮೊದಲು ಕೇಳುವುದು, ಯಾವ ರಾತ್ರಿಯ ಬಾಕ್ಸರ್ ಎಂದು. ನನ್ನ ಅಲಿ 1966ರ ನವೆಂಬರ್ 14ರವನು. ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರನೆಯ ಸುತ್ತಿನಲ್ಲಿ ಮುಗಿಸಿದ ಅಲಿ. ಹಿಂದೆ ಸರಿಯುತ್ತಲೇ ಹೊಡೆಯುತ್ತಾನೆ, ಹೊಡೆದ ಜಾಗದಲ್ಲಿ ನಿಲ್ಲುವುದಿಲ್ಲ. ಹೆವಿವೇಟ್ ದೇಹವೊಂದು ಅಷ್ಟು ಹಗುರಾಗಿ ಚಲಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ತಮ್ಮನ ಟೈಸನ್ 1988ರ ಜೂನ್ 27ರವನು, ಅಟ್ಲಾಂಟಿಕ್ ಸಿಟಿಯಲ್ಲಿ ಸ್ಪಿಂಕ್ಸ್‌ನನ್ನು ಉರುಳಿಸಿದವನು. ಆದರೆ ಎರಡು ರಾತ್ರಿಗಳಿಗೂ ಒಂದೊಂದು ಕೊರತೆ ಇದೆ. ವಿಲಿಯಮ್ಸ್ ಎರಡು ವರ್ಷ ಮೊದಲು ಪೊಲೀಸನ ಗುಂಡೇಟು ತಿಂದು ಒಂದು ಮೂತ್ರಪಿಂಡ ಕಳೆದುಕೊಂಡಿದ್ದ. ಸ್ಪಿಂಕ್ಸ್ ಕೆಳಗಿನ ತೂಕದಿಂದ ಮೇಲೇರಿ ಬಂದವನು, ಆ ರಾತ್ರಿ ಅವನ ಮುಖದಲ್ಲೇ ಭಯ ಕಾಣುತ್ತದೆ. ಇದನ್ನು ಮುಚ್ಚಿಟ್ಟು ವಾದಿಸುವುದು ನನಗೆ ಇಷ್ಟವಿಲ್ಲ.

ನಿಯಮವೂ ಬೇಕು. 1966ರಲ್ಲಿ ಪ್ರಶಸ್ತಿ ಪಂದ್ಯ ಹದಿನೈದು ಸುತ್ತು, 1988ರ ಆ ಪಂದ್ಯ ಹನ್ನೆರಡು. ತಮ್ಮನಿಗೆ ಅನುಕೂಲವಾಗಲಿ, ಹನ್ನೆರಡೇ ಇರಲಿ.

ಈಗ ಹೊಡೆದಾಟ. ಅಲಿ ಆರು ಅಡಿ ಮೂರು ಅಂಗುಲ, ಟೈಸನ್ ಐದು ಅಡಿ ಹತ್ತು. ತೋಳು ಚಾಚಿದರೆ ಅಲಿಯದು ಏಳು ಅಂಗುಲ ಹೆಚ್ಚು. ಟೈಸನ್ ಸಾಯಂಕಾಲ ಪೂರ್ತಿ ಆ ಏಳು ಅಂಗುಲವನ್ನು ದಾಟಬೇಕು. ಅದು ಅವನಿಗೆ ಗೊತ್ತಿತ್ತು. ಗುರು ಕಸ್ ಡಮಾಟೊ ಅವನಿಗೆ ಕಲಿಸಿದ್ದೇ ಅದನ್ನು: ಎರಡೂ ಮುಷ್ಟಿ ಕೆನ್ನೆಗೆ ಒತ್ತಿ, ತಲೆಯನ್ನು ಒಂದು ಕ್ಷಣವೂ ಒಂದೆಡೆ ಇಡದೆ ಒಳನುಗ್ಗುವುದು, ಬಲಗೈಯಿಂದ ಪಕ್ಕೆಗೆ ಹೊಡೆದು ಅದೇ ಕೈಯನ್ನು ಗದ್ದಕ್ಕೆ ಎತ್ತುವುದು.

ಅಲಿಯ ದೌರ್ಬಲ್ಯ ನನಗೆ ಗೊತ್ತಿದೆ. ಕೈ ಕೆಳಗಿಟ್ಟು, ತಲೆಯನ್ನು ನೇರ ಹಿಂದಕ್ಕೆ ಎಳೆದುಕೊಳ್ಳುವ ಅಭ್ಯಾಸ. ಎಡಗೈ ಹುಕ್‌ಗೆ, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಹೊಡೆತಕ್ಕೆ, ಅದೇ ಬಾಗಿಲು. 1963ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್ ಅವನನ್ನು ಕೆಡವಿದ್ದು ಎಡಗೈ ಹುಕ್‌ನಿಂದ. 1971ರಲ್ಲಿ ಹದಿನೈದನೆಯ ಸುತ್ತಿನಲ್ಲಿ ಫ್ರೇಜಿಯರ್ ಕೆಡವಿದ್ದೂ ಅದರಿಂದಲೇ. ಟೈಸನ್‌ನ ಎಡಗೈ ಇವರಿಬ್ಬರದಕ್ಕಿಂತ ಬೇಗ ಬರುತ್ತದೆ. ಆದ್ದರಿಂದ ಮೂರನೆಯ ಸುತ್ತಿನೊಳಗೆ ಅಲಿ ಒಮ್ಮೆ ಬೀಳುತ್ತಾನೆ ಎಂದು ಒಪ್ಪಿಕೊಳ್ಳುತ್ತೇನೆ. ಎದ್ದೂ ಏಳುತ್ತಾನೆ. ಫ್ರೇಜಿಯರ್‌ನ ಆ ಹೊಡೆತದ ಚಿತ್ರವನ್ನು ನಿಧಾನವಾಗಿ ಓಡಿಸಿ ನೋಡಿ: ಬೆನ್ನು ನೆಲಕ್ಕೆ ತಾಗಿದೆ, ಕಾಲು ಗಾಳಿಯಲ್ಲಿದೆ, ರೆಫರಿ ಎಣಿಕೆ ಶುರುಮಾಡುವಷ್ಟರಲ್ಲಿ ಅವನು ಏಳುತ್ತಿದ್ದಾನೆ. ಅದೂ ಹದಿನಾಲ್ಕು ಸುತ್ತು ಹೊಡೆಸಿಕೊಂಡ ಮೇಲೆ.

ನಾಲ್ಕನೆಯ ಸುತ್ತಿನಿಂದ ಆಟ ಬದಲಾಗುತ್ತದೆ. ಜನ ಅಲಿಯ ಕಾಲುಗಳನ್ನು ನೋಡುತ್ತಾರೆ, ಅವನ ಎಡಗೈ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಎದುರಾಳಿ ಹತ್ತಿರ ಬಂದರೆ ಕುತ್ತಿಗೆಯ ಹಿಂದೆ ಕೈ ಹಾಕಿ ತಲೆಯನ್ನು ಕೆಳಕ್ಕೆ ಒತ್ತುತ್ತಾನೆ. ಗಿಡ್ಡ ದೇಹದ ಬಾಕ್ಸರ್‌ಗೆ ಇದರಷ್ಟು ಕಿರಿಕಿರಿ ಬೇರೆ ಇಲ್ಲ. ಪ್ರತಿ ಸಲ ಬಿಡಿಸಿಕೊಂಡು, ಮತ್ತೆ ದೂರ ನಿಂತು, ಮತ್ತೆ ಏಳು ಅಂಗುಲ ದಾಟಬೇಕು. 1990ರ ಫೆಬ್ರುವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಮಾಡಿದ್ದೂ ಇದನ್ನೇ: ದೂರವಿದ್ದಾಗ ಕೈ ಚಾಚಿ ನೇರ ಗುದ್ದು (ಜ್ಯಾಬ್), ಹತ್ತಿರ ಬಂದರೆ ಅಪ್ಪುಗೆ. ಎಂಟನೆಯ ಸುತ್ತಿನಲ್ಲಿ ಬಿದ್ದು ಎದ್ದ, ಹತ್ತನೆಯದರಲ್ಲಿ ಟೈಸನ್‌ನನ್ನು ಮಲಗಿಸಿದ. ಆ ಟೈಸನ್ 1988ರ ಟೈಸನ್ ಅಲ್ಲ ಎಂದು ತಮ್ಮ ಹೇಳುತ್ತಾನೆ. ನಿಜ. ಆದರೆ ಡಗ್ಲಸ್ ಕೂಡ ಅಲಿ ಅಲ್ಲ. ನನ್ನ ತೀರ್ಪು: ಹತ್ತನೆಯ ಸುತ್ತಿನಲ್ಲಿ ರೆಫರಿ ಟೈಸನ್‌ನನ್ನು ಕಾಪಾಡಲು ಪಂದ್ಯ ನಿಲ್ಲಿಸುತ್ತಾನೆ.

ಎರಡು ಕಾಲದವರ ಇಂಥ ಪಂದ್ಯದ ಫಲಿತಾಂಶವನ್ನು ಕಂಪ್ಯೂಟರ್‌ಗೆ ಒಪ್ಪಿಸಿಯೂ ನೋಡಿದ್ದಾರೆ. 1969ರಲ್ಲಿ, ಸೈನ್ಯಕ್ಕೆ ಸೇರಲು ಒಪ್ಪದೆ ಪ್ರಶಸ್ತಿ ಕಳೆದುಕೊಂಡು ಅಲಿ ರಿಂಗ್‌ನಿಂದ ಹೊರಗಿದ್ದಾಗ, ಮಯಾಮಿಯಲ್ಲಿ ಅವನನ್ನೂ ರಾಕಿ ಮಾರ್ಸಿಯಾನೊನನ್ನೂ ಕೂಡಿಹಾಕಿ ಹೊಡೆದಾಟ ಚಿತ್ರೀಕರಿಸಿದರು. ಮಾರ್ಸಿಯಾನೊ ಸೋಲೇ ಇಲ್ಲದೆ 49 ಪಂದ್ಯ ಗೆದ್ದು ನಿವೃತ್ತನಾದವನು. ಆಗ ಅವನಿಗೆ 45, ತಲೆಗೆ ವಿಗ್ ಹಾಕಿಕೊಂಡಿದ್ದ. ಗೆದ್ದವರು ಯಾರೆಂದು ತಿಳಿಯುವ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಅವನು ಹದಿಮೂರನೆಯ ಸುತ್ತಿನಲ್ಲಿ ಗೆದ್ದ. ಯುರೋಪಿನ ಪ್ರತಿಯಲ್ಲಿ ಅಲಿ ಗೆದ್ದ. ನನಗೆ ಸಂಕಟವಾಗುವುದು ಈ ಫಲಿತಾಂಶದಿಂದಲ್ಲ. ಅಲಿಯ 25ರಿಂದ 28ರವರೆಗಿನ ವಯಸ್ಸು, ಅವನ ಕಾಲುಗಳ ಅತ್ಯುತ್ತಮ ವರ್ಷಗಳು, ಇಂಥ ನಟನೆಗೆ ಹೋದವಲ್ಲ ಎಂದು.

ಎರಡು ಕಾಲಗಳು ನಿಜವಾಗಿ ಎದುರಾಗಿದ್ದೂ ಉಂಟು, ಆದರೆ ಯಾವಾಗಲೂ ಒಬ್ಬನಿಗೆ ವಯಸ್ಸಾಗಿರುತ್ತದೆ. 1951ರಲ್ಲಿ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಹಗ್ಗಗಳ ಆಚೆ ಬೀಳಿಸಿದ್ದು 37ರ ಜೋ ಲೂಯಿಯನ್ನು, ತಾನು ಆರಾಧಿಸುತ್ತಿದ್ದವನನ್ನೇ. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ನಿಂತ ಅಲಿಗೆ 38. ಹೋಮ್ಸ್ ಒಂದು ಕಾಲದಲ್ಲಿ ಅವನ ಅಭ್ಯಾಸದ ಜೊತೆಗಾರ. ಹತ್ತು ಸುತ್ತು ಅಲಿ ಸುಮ್ಮನೆ ಹೊಡೆಸಿಕೊಂಡ. ಕೊನೆಗೆ ಗುರು ಏಂಜೆಲೊ ಡಂಡಿ ಸಾಕು ಎಂದ. ಆ ಪಂದ್ಯವನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ.

ಆ ರಾತ್ರಿಯ ಪಂದ್ಯ ನೋಡಿ ನೊಂದವರಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿದ್ದ, ಮೈಕ್ ಟೈಸನ್. ದೊಡ್ಡವನಾದ ಮೇಲೆ ಹೋಮ್ಸ್‌ಗೆ ಇದನ್ನು ತೀರಿಸುತ್ತೇನೆ ಎಂದು ಅಲಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದೆ ಎಂದು ಅವನೇ ಮುಂದೆ ಹೇಳಿದ್ದಾನೆ. 1988ರ ಜನವರಿ 22ರಂದು ಟೈಸನ್ ಮತ್ತು ಹೋಮ್ಸ್ ರಿಂಗ್‌ಗೆ ಇಳಿದಾಗ ಅಲಿ ಅಲ್ಲಿದ್ದ. ನಾಲ್ಕನೆಯ ಸುತ್ತಿನಲ್ಲಿ ಹೋಮ್ಸ್ ಮೂರು ಸಲ ಬಿದ್ದ. ಆಗ ಅವನಿಗೂ 38.